ಎರಡು ಚಿತ್ರಗಳ ನಡುವಿನ ವಿದ್ಯೆ: ರಿಚರ್ಡ್ ವಿಲಿಯಮ್ಸ್ ಅವರ ‘ದಿ ಆ್ಯನಿಮೇಟರ್ಸ್ ಸರ್ವೈವಲ್ ಕಿಟ್’

ಕೈಯಿಂದ ಬರೆದ ಆ್ಯನಿಮೇಷನ್ ಚಿತ್ರಗಳನ್ನು ಪ್ರೀತಿಯಿಂದ ನೋಡುವವರು ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆಯೇನಿಲ್ಲ. ಆದರೆ ಆ ಚಿತ್ರಗಳನ್ನು ಬರೆದವರು ಯಾವ ಲೆಕ್ಕಾಚಾರದಿಂದ ಬರೆದರು, ಒಂದು ಹಾಳೆಯಿಂದ ಮುಂದಿನ ಹಾಳೆಗೆ ಹೋಗುವಾಗ ಏನನ್ನು ಉಳಿಸಿಕೊಂಡರು, ಏನನ್ನು ಬದಲಿಸಿದರು ಎಂಬುದನ್ನು ಪಕ್ಕದಲ್ಲಿ ಕುಳಿತು ತೋರಿಸಿಕೊಡುವವರು ಇಲ್ಲಿ ಸಿಗುವುದು ಕಷ್ಟ. ಚಿತ್ರಕಲೆಗೆ ಈ ಸೀಮೆ ಹೊಸದಲ್ಲ. ಧಾರವಾಡದ ಹಾಲಭಾವಿಯವರ ಕಲಾಶಾಲೆಯ ಹೆಸರು ಕೇಳದ ಚಿತ್ರಕಾರ ಉತ್ತರ ಕರ್ನಾಟಕದಲ್ಲಿ ಇರಲಾರ. ಆದರೆ ಅಂಥ ಶಾಲೆಗಳಲ್ಲಿ ಬೆಳೆದುಬಂದದ್ದು ನಿಂತ ಚಿತ್ರದ ಶಿಸ್ತು. ಊರಿನ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಆ್ಯನಿಮೇಷನ್ ಎಂಬ ಹೆಸರಿನಡಿ ನಡೆಯುವ ಕೋರ್ಸುಗಳಾದರೋ ಬಹುಮಟ್ಟಿಗೆ ಸಾಫ್ಟ್‌ವೇರಿನ ಬಳಕೆಯನ್ನು ಕಲಿಸುತ್ತವೆ. ಈ ಎರಡರ ನಡುವೆ ಉಳಿದುಬಿಟ್ಟಿರುವ ವಿದ್ಯೆಯನ್ನು ಕಲಿಸುವ ಪುಸ್ತಕವಾಗಿ ನಾನು ರಿಚರ್ಡ್ ವಿಲಿಯಮ್ಸ್ ಅವರ ‘ದಿ ಆ್ಯನಿಮೇಟರ್ಸ್ ಸರ್ವೈವಲ್ ಕಿಟ್’ ಅನ್ನು ತರಿಸಿಕೊಂಡು, ಪೆನ್ಸಿಲು ಹಿಡಿದೇ ಓದುತ್ತ ಬಂದಿದ್ದೇನೆ. ಕೊಳ್ಳುವ ಯೋಚನೆಯಲ್ಲಿರುವವರಿಗೆ ನೆರವಾಗಲೆಂದು ಈ ವಿಮರ್ಶೆ.

ಪುಸ್ತಕ ಮೊದಲು ಪ್ರಕಟವಾದದ್ದು 2001ರಲ್ಲಿ, ಲಂಡನ್ನಿನ ಫೇಬರ್ ಪ್ರಕಾಶನದಿಂದ. ಈಗ ಸಾಮಾನ್ಯವಾಗಿ ಸಿಗುವುದು 2009ರ ವಿಸ್ತೃತ ಆವೃತ್ತಿ. ಕೆನಡಾದ ಟೊರಾಂಟೊದಲ್ಲಿ 1933ರಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಸ್ಟುಡಿಯೋ ಕಟ್ಟಿ, 2019ರಲ್ಲಿ ತೀರಿಕೊಂಡ ವಿಲಿಯಮ್ಸ್ ಅವರನ್ನು ನಮ್ಮಲ್ಲಿ ಹೆಚ್ಚಿನವರು ಬಲ್ಲದ್ದು 1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಚಿತ್ರದ ಆ್ಯನಿಮೇಷನ್ ನಿರ್ದೇಶಕರೆಂದು. ಮೂರು ಆಸ್ಕರ್ ಪಡೆದ ಈ ಮನುಷ್ಯ ಸುಮಾರು ಮೂರು ದಶಕ ಕಾಲ ಕೈಹಿಡಿದು ಬೆಳೆಸಿದ ‘ದಿ ಥೀಫ್ ಆ್ಯಂಡ್ ದಿ ಕಾಬ್ಲರ್’ ಎಂಬ ಚಿತ್ರವನ್ನು ಮುಗಿಸಲಾಗದೆ 1992ರಲ್ಲಿ ಕಳೆದುಕೊಂಡರು. ಆ ನಷ್ಟದ ಕಥೆ ಈ ವಿಮರ್ಶೆಗೆ ಬೇಕಿಲ್ಲ. ಬೇಕಾದದ್ದು, ಆ ಚಿತ್ರಕ್ಕಾಗಿಯೂ ತಮ್ಮ ಸ್ಟುಡಿಯೋಕ್ಕಾಗಿಯೂ ಅವರು ಹುಡುಕಿ ತಂದ ಹಿರಿಯರ ಸಂಗತಿ.

ವಿಲಿಯಮ್ಸ್ ಪ್ರಶಸ್ತಿ ಗಳಿಸಿ ಹೆಸರಾದ ಮೇಲೆ ಡಿಸ್ನಿಯ ‘ದಿ ಜಂಗಲ್ ಬುಕ್’ (1967) ನೋಡಿ, ತೆರೆಯ ಮೇಲೆ ಕಂಡದ್ದನ್ನು ಬರೆಯುವ ಬಗೆ ತಮಗೆ ಗೊತ್ತೇ ಇಲ್ಲವೆಂದು ಅರಿತು, ಮತ್ತೆ ವಿದ್ಯಾರ್ಥಿಯಾದವರು. ಬಗ್ಸ್ ಬನ್ನಿ ಎಂಬ ಕಾರ್ಟೂನ್ ಮೊಲದ ಕಾಲದಲ್ಲಿ ವಾರ್ನರ್ ಸ್ಟುಡಿಯೋದಲ್ಲಿ ನಿರ್ದೇಶಕ ಚಕ್ ಜೋನ್ಸ್ ಅವರ ತಂಡದ ಬಲಗೈಯಾಗಿದ್ದ ಕೆನ್ ಹ್ಯಾರಿಸ್, ಡಿಸ್ನಿಯ ಕಾರ್ಟೂನ್ ಪಾತ್ರ ಗೂಫಿಯ ವ್ಯಕ್ತಿತ್ವವನ್ನು ರೂಪಿಸಿ, 1941ರ ಡಿಸ್ನಿ ಮುಷ್ಕರದ ಮುಂಚೂಣಿಯಲ್ಲಿದ್ದ ಆರ್ಟ್ ಬ್ಯಾಬಿಟ್, ಬೆಟ್ಟಿ ಬೂಪ್ ಪಾತ್ರವನ್ನು ಬರೆದು, ನಂತರ ‘ಸ್ನೋ ವೈಟ್’ನ ನಾಯಕಿಗೆ ಚಲನೆ ಕೊಟ್ಟು, ನೂರು ವರ್ಷ ಬಾಳಿದ ಗ್ರಿಮ್ ನ್ಯಾಟ್ವಿಕ್, ‘ದಿ ಜಂಗಲ್ ಬುಕ್’ನ ಶೇರ್ ಖಾನ್ ಹುಲಿಯನ್ನು ಬರೆದ ಮಿಲ್ಟ್ ಕಾಲ್: ಇವರೆಲ್ಲರಿಂದ ಅವರು ಕೇಳಿ ಕಲಿತದ್ದರ ಒಟ್ಟು ದಾಖಲೆಯೇ ಈ ಪುಸ್ತಕ. ಈ ಹಿರಿಯರಲ್ಲಿ ಹೆಚ್ಚಿನವರು ತಮ್ಮ ವಿದ್ಯೆಯನ್ನು ತಾವೇ ಪುಸ್ತಕವಾಗಿ ಬರೆದಿಡಲಿಲ್ಲ. ಆದ್ದರಿಂದ, ಗುರುವಿನ ಬಾಯಿಂದ ಬಂದದ್ದನ್ನು ಶಿಷ್ಯ ಬರೆದಿಟ್ಟ ಕ್ರಮದ ಈ ಗ್ರಂಥಕ್ಕೆ ಪಠ್ಯಪುಸ್ತಕದ ಬೆಲೆಗಿಂತ ಹೆಚ್ಚಿನ ಬೆಲೆಯಿದೆ.

ಆರಂಭದ ಪಾಠವೇ ಓದುಗನನ್ನು ಸ್ವಲ್ಪ ಬೆಚ್ಚಿಸುತ್ತದೆ. ಕೆಲಸ ಮಾಡುವಾಗ ಸಂಗೀತ ಕೇಳುತ್ತೀರಾ ಎಂದು ವಿಲಿಯಮ್ಸ್ ಒಮ್ಮೆ ಮಿಲ್ಟ್ ಕಾಲ್ ಅವರನ್ನು ಕೇಳಿದಾಗ ಅವರು ಸಿಡಿದೆದ್ದು, ಏಕಕಾಲಕ್ಕೆ ಎರಡು ವಿಷಯಗಳನ್ನು ಯೋಚಿಸುವಷ್ಟು ಜಾಣತನ ತಮಗಿಲ್ಲವೆಂಬ ಅರ್ಥದ ಮಾತಾಡಿದರಂತೆ. ಶೇರ್ ಖಾನ್‌ನಂಥ ಪಾತ್ರ ಬರೆದ ಕೈ ಹಾಗೆ ಹೇಳಿದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬರೆಯುವ ನಮ್ಮ ಹುಡುಗರು ಏನು ಹೇಳಬಲ್ಲರೋ ತಿಳಿಯದು.

ಪುಸ್ತಕದ ತಿರುಳು ಟೈಮಿಂಗ್ ಮತ್ತು ಸ್ಪೇಸಿಂಗ್ ಎಂಬ ಎರಡು ಸಂಗತಿಗಳಲ್ಲಿದೆ. ಪುಟಿಯುತ್ತ ಹೋಗುವ ಚೆಂಡು ನೆಲಕ್ಕೆ ಬಡಿಯುವ ಗಳಿಗೆಗಳು ಟೈಮಿಂಗ್. ಒಂದು ಬಡಿತದಿಂದ ಇನ್ನೊಂದು ಬಡಿತಕ್ಕೆ ಹೋಗುವ ದಾರಿಯಲ್ಲಿ ಚೆಂಡಿನ ಚಿತ್ರಗಳು ಎಲ್ಲಿ ಒತ್ತೊತ್ತಾಗಿ, ಎಲ್ಲಿ ದೂರದೂರ ಬೀಳುತ್ತವೆ ಎಂಬುದು ಸ್ಪೇಸಿಂಗ್. ಧಾರವಾಡದ ಗಾಳಿಯಲ್ಲಿ ಖ್ಯಾಲ್ ಕೇಳುತ್ತ ಬೆಳೆದವರಿಗೆ ಇದನ್ನು ಬೇರೆ ರೀತಿಯಲ್ಲಿ ವಿವರಿಸುವ ಅಗತ್ಯವೇ ಇಲ್ಲ. ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆಗಳನ್ನು ತಬಲಾ ಕಾಯುತ್ತಿರುತ್ತದೆ, ಅವು ಕದಲುವುದಿಲ್ಲ. ಆದರೆ ಎರಡು ಮಾತ್ರೆಗಳ ನಡುವೆ ಸ್ವರಗಳನ್ನು ಎಲ್ಲಿ ಗುಂಪುಗೂಡಿಸಬೇಕು, ಎಲ್ಲಿ ಬಿಡಿಸಿ ಹರಡಬೇಕು ಎಂಬುದು ಗಾಯಕನ ಕೈಯಲ್ಲಿದೆ, ಮತ್ತು ಒಂದೇ ಬಂದಿಶನ್ನು ಇಬ್ಬರು ಹಾಡಿದಾಗ ಕೇಳುಗ ತಲೆದೂಗುವುದು ಆ ಹಂಚಿಕೆಗೇ. ಆ್ಯನಿಮೇಟರನ ಸಂಗತಿಯೂ ಹಾಗೆಯೇ. ಚೆಂಡು ಮೇಲಕ್ಕೇರಿ ತಿರುಗುವ ಜಾಗದಲ್ಲಿ ಚಿತ್ರಗಳು ಒಂದರ ಮೇಲೊಂದು ಹೊದ್ದುಕೊಂಡಂತೆ ಬೀಳಬೇಕು. ನೆಲದ ಸಮೀಪ ಅವು ಒಂದನ್ನೊಂದು ಮುಟ್ಟದಷ್ಟು ದೂರ ಸರಿಯಬೇಕು. ಒಟ್ಟು ಚಿತ್ರಗಳ ಸಂಖ್ಯೆಯನ್ನು ಹಾಗೆಯೇ ಇಟ್ಟುಕೊಂಡು ಹಂಚಿಕೆಯನ್ನು ಮಾತ್ರ ಸಮನಾಗಿಸಿ ನೋಡಿದರೆ ಚೆಂಡು ಸತ್ತುಹೋಗುತ್ತದೆ; ದಾರಕ್ಕೆ ಕಟ್ಟಿ ಎಳೆದ ಬಿಲ್ಲೆಯಾಗಿ ಉಳಿಯುತ್ತದೆ.

ಲೆಕ್ಕವನ್ನು ಸ್ವಲ್ಪ ಹೇಳುವುದು ಒಳ್ಳೆಯದು, ಏಕೆಂದರೆ ಈ ಕಲಾವಿದರ ಶ್ರಮದ ಅಳತೆ ಸಿಗುವುದು ಅದರಿಂದಲೇ. ಸಿನಿಮಾ ಸೆಕೆಂಡಿಗೆ 24 ಫ್ರೇಮುಗಳಂತೆ (ಫಿಲ್ಮಿನ ಒಂದೊಂದು ಚೌಕಟ್ಟು ಒಂದು ಫ್ರೇಮು) ಓಡುತ್ತದೆ. ಒಂದು ಚಿತ್ರವನ್ನು ಎರಡು ಫ್ರೇಮುಗಳ ಕಾಲ ನಿಲ್ಲಿಸಿದರೆ ಒಂದು ನಿಮಿಷಕ್ಕೆ, ಒಂದು ಪಾತ್ರಕ್ಕೆ, 720 ಚಿತ್ರಗಳು ಬೇಕು. ಪ್ರತಿ ಫ್ರೇಮಿಗೂ ಹೊಸ ಚಿತ್ರ ಬರೆದರೆ 1440. ಹಣ ಮತ್ತು ಸಮಯದ ದೃಷ್ಟಿಯಿಂದ ಸ್ಟುಡಿಯೋಗಳು ಮೊದಲನೆಯ ದಾರಿಯನ್ನೇ ಬಯಸುತ್ತಿದ್ದವು. ವಿಲಿಯಮ್ಸ್ ಎರಡನೆಯ ದಾರಿಯ ಕಟ್ಟಾ ಪಕ್ಷಪಾತಿ. ಈ ವಿಷಯದಲ್ಲಿ ಅವರ ವಾದವನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಚಿತ್ರ ಕಡಿಮೆಯಾದಷ್ಟೂ ಪ್ರತಿ ಚಿತ್ರ ಗಟ್ಟಿಯಾಗಬೇಕಾಗುವ ಇನ್ನೊಂದು ಸೊಗಸೂ ಇದೆಯೆಂದು ನನಗೆ ಅನ್ನಿಸುತ್ತದೆ.

ನಾನು ಹೆಚ್ಚು ಕಾಲ ನಿಂತದ್ದು ಬ್ರೇಕ್‌ಡೌನ್, ಅಂದರೆ ಎರಡು ಮುಖ್ಯ ಚಿತ್ರಗಳ ನಡುವೆ ಬರುವ ಚಿತ್ರ, ಇದರ ಕುರಿತ ಪುಟಗಳಲ್ಲಿ. ಎಡಕ್ಕೆ ನೋಡುತ್ತಿರುವ ಒಂದು ತಲೆ, ಬಲಕ್ಕೆ ನೋಡುತ್ತಿರುವ ಅದೇ ತಲೆ. ಇವೆರಡು ಮುಖ್ಯ ಚಿತ್ರಗಳು. ನಡುವಿನ ಒಂದು ಚಿತ್ರವನ್ನು ಹೇಗೆ ಬರೆಯಬೇಕು? ಅಳತೆಪಟ್ಟಿ ಹಿಡಿದು ಮಧ್ಯಬಿಂದುವಿನಲ್ಲಿ ನೇರ ಮುಖ ಬರೆದರೆ ತಲೆ ಯಂತ್ರದಂತೆ ತಿರುಗುತ್ತದೆ. ಗದ್ದವನ್ನು ತುಸು ಕೆಳಗಿಳಿಸಿ, ರೆಪ್ಪೆ ಮುಚ್ಚಿಸಿ ಬರೆದರೆ ಆ ಮನುಷ್ಯ ಏನನ್ನೋ ಯೋಚಿಸಿ ತಿರುಗಿದ ಹಾಗಾಗುತ್ತದೆ. ಮೂಗನ್ನು ಮೇಲೆತ್ತಿದರೆ ಬಿಂಕ ಬರುತ್ತದೆ. ಮುಖವನ್ನು ಎಡಕ್ಕೇ ಬಿಟ್ಟು ಕಣ್ಣುಗುಡ್ಡೆಗಳನ್ನು ಮಾತ್ರ ಮೊದಲೇ ಬಲಕ್ಕೆ ಕಳಿಸಿದರೆ ಸಂಶಯ ಬರುತ್ತದೆ. ಮೊದಲ ಮತ್ತು ಕೊನೆಯ ಚಿತ್ರಗಳು ಒಂದು ಗೆರೆಯೂ ಬದಲಾಗಿಲ್ಲ; ಅರ್ಥವೆಲ್ಲ ನಡುವಿನ ಹಾಳೆಯಲ್ಲಿ ಬದಲಾಯಿತು. ಪುಸ್ತಕದ ಬೇರೆಲ್ಲ ಪಾಠಗಳನ್ನು ಮರೆತರೂ ಇದೊಂದನ್ನು ಕಲಿತವನು ‘ಸ್ನೋ ವೈಟ್’ ಅನ್ನೋ ‘ಪಿನೋಕಿಯೋ’ವನ್ನೋ ಮತ್ತೆ ನೋಡುವಾಗ ಬೇರೆ ಪ್ರೇಕ್ಷಕನಾಗಿರುತ್ತಾನೆ. ಲೋಲಕದ ಉದಾಹರಣೆಯೂ ಇದರ ಜೊತೆಗೇ ಬರುತ್ತದೆ: ಎರಡು ತುದಿಗಳ ನಡುವಿನ ಚಿತ್ರವನ್ನು ನೇರ ಗೆರೆಯ ಮೇಲೆ ಇಟ್ಟರೆ ಲೋಲಕದ ದಾರ ಗಿಡ್ಡವಾಗಿಬಿಡುತ್ತದೆ, ಕಮಾನಿನ ಮೇಲೆ ಇಟ್ಟರೆ ಮಾತ್ರ ತೂಗುತ್ತದೆ. ಸಹಾಯಕರ ಕೈಯಲ್ಲಿ ನಡುವಿನ ಚಿತ್ರಗಳು ಕೆಡುತ್ತಿದ್ದುದು ಇಂಥ ಕಡೆಗಳಲ್ಲೇ. ಹಾಗಾಗಿಯೇ ಹಿರಿಯ ಆ್ಯನಿಮೇಟರರು ಹಾಳೆಯ ಅಂಚಿನಲ್ಲಿ ಏಣಿಯಾಕಾರದ ಪುಟ್ಟ ಚಾರ್ಟು ಬರೆದು, ಯಾವ ಚಿತ್ರ ಎಲ್ಲಿ ಬೀಳಬೇಕೆಂದು ಗುರುತು ಹಾಕಿಕೊಡುತ್ತಿದ್ದರು.

ಪುಸ್ತಕದ ದೊಡ್ಡ ಭಾಗವೊಂದನ್ನು ಆವರಿಸಿರುವುದು ನಡಿಗೆ. ನಡೆಯುವುದೆಂದರೆ ಮುಂದಕ್ಕೆ ಬೀಳುತ್ತ, ಬೀಳುವ ಮೊದಲೇ ತನ್ನನ್ನು ತಾನು ಹಿಡಿದುಕೊಳ್ಳುವುದು ಎಂಬ ತಿಳಿವಳಿಕೆಯಿಂದ ಆರಂಭಿಸಿ, ಹಿಮ್ಮಡಿ ನೆಲ ಮುಟ್ಟುವ ಸ್ಥಿತಿ, ಭಾರ ಇಳಿದು ಮೊಣಕಾಲು ಬಗ್ಗುವ ಸ್ಥಿತಿ, ಒಂದು ಕಾಲು ಇನ್ನೊಂದನ್ನು ದಾಟುವ ಸ್ಥಿತಿ, ದೇಹ ಮೇಲೇಳುವ ಸ್ಥಿತಿ ಎಂದು ಒಂದೊಂದು ಹೆಜ್ಜೆಯನ್ನೂ ಬಿಡಿಸಿ ತೋರಿಸುತ್ತಾರೆ. ಹೆಜ್ಜೆಯೊಂದಕ್ಕೆ 12 ಫ್ರೇಮಾದರೆ ಸಹಜವಾದ ಚುರುಕು ನಡಿಗೆ, 16 ಆದರೆ ಆರಾಮದ ಓಡಾಟ, 20 ಆದರೆ ದಣಿದವರ ಅಥವಾ ವಯಸ್ಸಾದವರ ನಡಿಗೆ, 8 ಆದರೆ ಹೆಚ್ಚುಕಡಿಮೆ ಓಟ. ಇದನ್ನು ಓದಿದ ಮೇಲೆ ಧಾರವಾಡದ ಸುಭಾಸ ರಸ್ತೆಯಲ್ಲಿ ಸಂಜೆ ನಿಂತರೆ ಜನರ ಮುಖಕ್ಕಿಂತ ಮೊದಲು ಮೊಣಕಾಲುಗಳೇ ಕಣ್ಣಿಗೆ ಬೀಳತೊಡಗುತ್ತವೆ. ಇದು ಸಭ್ಯ ಅಭ್ಯಾಸವೋ ಅಲ್ಲವೋ ಹೇಳಲಾರೆ.

ಭಾರವನ್ನು ತೋರಿಸುವ ಪಾಠವನ್ನು ಕಣ್ಣಾರೆ ಪರೀಕ್ಷಿಸಲು ನಮ್ಮ ಸೀಮೆಯಷ್ಟು ಅನುಕೂಲದ ಜಾಗ ಬೇರೆ ಇರಲಾರದು. ವಸ್ತುವಿನ ತೂಕ ವಸ್ತುವಿನ ಚಿತ್ರದಲ್ಲಿ ಕಾಣುವುದಿಲ್ಲ, ಎತ್ತುವವನು ಮಾಡಿಕೊಳ್ಳುವ ಸಿದ್ಧತೆಯಲ್ಲಿ ಕಾಣುತ್ತದೆ ಎಂದು ಪುಸ್ತಕ ಹೇಳುತ್ತದೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ಚೀಲ ನೋಡಲು ಹೊರುವವನಿಗಿಂತ ದೊಡ್ಡದು, ಆದರೆ ಗಾತ್ರಕ್ಕೆ ತಕ್ಕ ತೂಕ ಅದಕ್ಕಿಲ್ಲ. ಹಮಾಲ ಅದನ್ನು ಬೆನ್ನಿಗೇರಿಸಿಕೊಂಡು ಸಾಕಷ್ಟು ಉದ್ದದ ಹೆಜ್ಜೆ ಹಾಕಬಲ್ಲ. ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಲ್ಲಿ ಕಾಳಿನ ಚೀಲ ಗಾತ್ರದಲ್ಲಿ ಚಿಕ್ಕದು, ತೂಕದಲ್ಲಿ ಜಾಸ್ತಿ. ಅದನ್ನು ಹೊತ್ತವನ ಹೆಜ್ಜೆ ಗಿಡ್ಡವಾಗುತ್ತದೆ, ಪಾದ ನೆಲದಿಂದ ಅಷ್ಟಾಗಿ ಮೇಲೇಳುವುದಿಲ್ಲ, ಸೊಂಟದಿಂದ ಮೇಲಿನ ದೇಹ ಅಲುಗಾಡುವುದಿಲ್ಲ, ಮೊಣಕಾಲು ಪೂರ್ತಿ ನೆಟ್ಟಗಾಗುವುದೇ ಇಲ್ಲ. ಇವೆರಡನ್ನೂ ಗೆರೆಗೊಂಬೆಗಳಲ್ಲಿ ಬರೆದು ನೋಡಿದಾಗ, ಚೀಲವನ್ನು ಅಳಿಸಿಹಾಕಿದರೂ ಯಾರ ಬೆನ್ನ ಮೇಲೆ ಯಾವುದಿತ್ತೆಂದು ಗುರುತಿಸಬಹುದಾಗಿತ್ತು.

ಆರ್ಟ್ ಬ್ಯಾಬಿಟ್ ಕಲಿಸಿದ, ಪಾತ್ರದ ಕೀಲುಗಳನ್ನು ‘ಮುರಿಯುವ’ ಪಾಠದ ಬಗ್ಗೆಯೂ ಒಂದು ಮಾತು. ತೋಳನ್ನು ಬೀಸುವಾಗ ಮೊದಲು ಭುಜ, ನಂತರ ಮೊಣಕೈ, ಆಮೇಲೆ ಮಣಿಕಟ್ಟು, ಕೊನೆಗೆ ಬೆರಳು ಎಂದು ಒಂದೊಂದೇ ಕೀಲು ಸರದಿಯಂತೆ ಮಡಿಯುತ್ತ ಹೋದರೆ, ನೇರ ಗೆರೆಗಳಿಂದಲೇ ಬರೆದ ಕೈಯೂ ಹರಿಯುವಂತೆ ಕಾಣುತ್ತದೆ. ರಬ್ಬರಿನ ಕೊಳವೆಯಂಥ ಕೈಕಾಲುಗಳಿಂದ ಮೃದುತ್ವ ತರುತ್ತಿದ್ದ ಆರಂಭಕಾಲದ ಕಾರ್ಟೂನುಗಳಿಗೂ ಮೂಳೆಯಿದ್ದೂ ಮೃದುವಾದ ನಂತರದ ಪಾತ್ರಗಳಿಗೂ ನಡುವಿನ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ.

ಇನ್ನು ಕೊರತೆಗಳು. ದೊಡ್ಡ ಕೊರತೆಯೆಂದರೆ, ಹಿರಿಯರ ವಿದ್ಯೆಯನ್ನು ಇಷ್ಟು ವಿವರವಾಗಿ ಹೇಳುವ ಪುಸ್ತಕದಲ್ಲಿ ಅವರ ಕೈಯ ಗೆರೆ ಹೆಚ್ಚು ಕಾಣಸಿಗುವುದಿಲ್ಲ. ಬಹುತೇಕ ಚಿತ್ರಗಳನ್ನು ವಿಲಿಯಮ್ಸ್ ತಾವೇ ಬರೆದಿದ್ದಾರೆ. ಪಾಠಕ್ಕೆ ಅದು ಸರಿ, ಏಕೆಂದರೆ ಒಂದೇ ಕೈಯ ಚಿತ್ರಗಳು ಪುಸ್ತಕಕ್ಕೆ ಏಕರೂಪ ಕೊಡುತ್ತವೆ. ಆದರೆ ಕಾಲ್ ಅವರ ಪೆನ್ಸಿಲು ಎಲ್ಲಿ ಒತ್ತಿತು, ಎಲ್ಲಿ ಹಗುರವಾಗಿ ಜಾರಿತು ಎಂದು ನೋಡುವ ಆಸೆಯಿಂದ ಪುಸ್ತಕ ಕೊಂಡವರಿಗೆ ನಿರಾಶೆಯಾಗುತ್ತದೆ. ಆ ಆಸೆ ಇರುವವರು ಡಿಸ್ನಿಯ ಹಿರಿಯ ಆ್ಯನಿಮೇಟರರೇ ಆದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಹೊರತಂದ ‘ದಿ ಇಲ್ಯೂಷನ್ ಆಫ್ ಲೈಫ್’ ಅನ್ನು ಹುಡುಕಬೇಕು. ಮೂಲ ಪೆನ್ಸಿಲ್ ಚಿತ್ರಗಳು ಅದರಲ್ಲಿ ಹೇರಳವಾಗಿವೆ. ಎರಡರಲ್ಲಿ ಒಂದನ್ನೇ ಕೊಳ್ಳಬೇಕಾದರೆ, ಬರೆಯುವವರು ವಿಲಿಯಮ್ಸ್ ಅವರದನ್ನು, ನೋಡಿ ಸವಿಯುವವರು ಥಾಮಸ್-ಜಾನ್‌ಸ್ಟನ್ ಅವರದನ್ನು ಕೊಳ್ಳುವುದು ಮೇಲು.

ಈ ಕೊರತೆಯನ್ನು ಖರ್ಚಿಲ್ಲದೆ ತುಂಬಿಕೊಳ್ಳುವ ದಾರಿಯೊಂದಿದೆ. ಡಿಸ್ನಿಯಲ್ಲಿ ಮೊದಲು ಆ್ಯನಿಮೇಟರರ ಪೆನ್ಸಿಲ್ ಚಿತ್ರಗಳನ್ನು ಇಂಕ್ ಮತ್ತು ಪೇಂಟ್ ವಿಭಾಗದ ಹೆಣ್ಣುಮಕ್ಕಳು ಪಾರದರ್ಶಕ ಹಾಳೆಯ ಮೇಲೆ ಕೈಯಿಂದಲೇ ಶಾಯಿಯಲ್ಲಿ ತಿದ್ದುತ್ತಿದ್ದರು. ಆ ತಿದ್ದಿದ ಗೆರೆಯ ನಯ ‘ಸ್ನೋ ವೈಟ್’ನಲ್ಲಿ (1937) ಕಾಣುತ್ತದೆ, ಪೆನ್ಸಿಲು ಕಾಣುವುದಿಲ್ಲ. 1961ರ ‘ಒನ್ ಹಂಡ್ರೆಡ್ ಆ್ಯಂಡ್ ಒನ್ ಡಾಲ್ಮೇಷಿಯನ್ಸ್’ ಹೊತ್ತಿಗೆ ಝೆರಾಕ್ಸ್ ವಿಧಾನ ಬಂದು, ಪೆನ್ಸಿಲ್ ಗೆರೆಯೇ ನೇರವಾಗಿ ಆ ಹಾಳೆಗೆ ಇಳಿಯತೊಡಗಿತು. ಆದ್ದರಿಂದ ‘ದಿ ಜಂಗಲ್ ಬುಕ್’ನ ಯಾವುದೇ ಒಳ್ಳೆಯ ಪ್ರತಿಯನ್ನು ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿ, ಕೀಬೋರ್ಡಿನ ‘ಇ’ ಕೀಲಿ ಒತ್ತುತ್ತ ಒಂದೊಂದೇ ಫ್ರೇಮು ಮುಂದೆ ಸರಿಸಿದರೆ, ಶೇರ್ ಖಾನ್‌ನ ದವಡೆಯ ಸುತ್ತ ಒರಟಾದ ಕರಿ ಗೆರೆಗಳು ಉಳಿದಿರುವುದು ಕಾಣುತ್ತದೆ. ಅವನು ನಡೆದುಬರುವಾಗ ಮುಂಗಾಲಿನ ಮೇಲೆ ಭಾರ ಬೀಳುತ್ತಲೇ ಆ ಬದಿಯ ಹೆಗಲಮೂಳೆ ಬೆನ್ನಿನ ಗೆರೆಗಿಂತ ಮೇಲೆದ್ದು ನಿಲ್ಲುತ್ತದೆ; ಆ ಹೊತ್ತಿಗೆ ಮೈಯ ಪಟ್ಟೆಗಳು ಕೂಡ ಚರ್ಮದೊಂದಿಗೆ ಸರಿದು ಬಾಗಬೇಕು. ಪ್ರತಿ ಹಾಳೆಯಲ್ಲೂ ಆ ಪಟ್ಟೆಗಳನ್ನು ಹೊಸದಾಗಿ ಬರೆಯಬೇಕಾಗಿತ್ತು ಎಂಬುದನ್ನು ನೆನೆದು ನೋಡಿದಾಗ ಚಿತ್ರ ಮುಂದಕ್ಕೆ ಓಡಿಸಲು ಮನಸ್ಸಾಗುವುದಿಲ್ಲ.

ಮಾತಿನ ಆ್ಯನಿಮೇಷನ್ ಕುರಿತ ಭಾಗ ನಮಗೆ ಅರ್ಧ ಮಾತ್ರ ಉಪಯೋಗಿ. ಅದರ ಬಾಯಿಯ ಆಕಾರಗಳು ಇಂಗ್ಲಿಷ್ ಮಾತಿಗೆ ಹೊಂದಿಸಿದವು. ಕನ್ನಡದ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಬಾಯಿ ತೆರೆದ ಸ್ಥಿತಿಯಲ್ಲೇ ನಿಲ್ಲುತ್ತದೆ. ‘ಅಪ್ಪ’, ‘ಹಬ್ಬ’, ‘ಅಮ್ಮ’ ಎನ್ನುವಾಗ ತುಟಿಗಳು ಒಂಟಿ ಅಕ್ಷರಕ್ಕಿಂತ ಹೆಚ್ಚು ಕಾಲ ಮುಚ್ಚಿರುತ್ತವೆ. ಕನ್ನಡ ಪಾತ್ರವನ್ನು ಮಾತಾಡಿಸುವವರು ಈ ಲೆಕ್ಕವನ್ನು ಕನ್ನಡಿಯ ಮುಂದೆ ನಿಂತು ತಾವೇ ಮಾಡಿಕೊಳ್ಳಬೇಕು. ಹಾಗೆಯೇ ಪುಸ್ತಕದ ಲೋಕ ಹೆಚ್ಚುಕಡಿಮೆ ಅಮೆರಿಕದ ಸ್ಟುಡಿಯೋಗಳದೇ. ಡಿಸ್ನಿಯಲ್ಲಿ ದುಡಿದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಗೆ ಬಂದು ಸರ್ಕಾರದ ಫಿಲ್ಮ್ಸ್ ಡಿವಿಜನ್ನಿನಲ್ಲಿ ತರಬೇತಿ ಕೊಟ್ಟದ್ದು, ಅಲ್ಲಿ ಕಲಿತ ರಾಮ್ ಮೋಹನ್ ಮುಂದೆ ಜಪಾನಿನ ಯೂಗೊ ಸಾಕೊ ಅವರೊಂದಿಗೆ ರಾಮಾಯಣದ ಆ್ಯನಿಮೇಷನ್ ಚಿತ್ರಕ್ಕೆ ದುಡಿದದ್ದು, ಅಂದರೆ ಇದೇ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿ, ಈ ಪುಸ್ತಕದಲ್ಲಿ ಸಿಗುವುದಿಲ್ಲ. ಹೆಂಗಸರ ನಡಿಗೆ ಎಂದು ಬರೆದ ಕೆಲವು ಚಿತ್ರಗಳು ಹಳೆಯ ಕಾಲದ ಗಂಡಸರ ತಮಾಷೆಯ ಮಟ್ಟದಲ್ಲೇ ಉಳಿದಿವೆ. ಶಾಲಾ ಮಕ್ಕಳ ಕೈಗೆ ಕೊಡುವ ಮುನ್ನ ಹಿರಿಯರು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಭಾಷೆಯ ತೊಡಕಿನ ಬಗ್ಗೆ ಭಯಪಡಬೇಕಾಗಿಲ್ಲ. ಇಂಗ್ಲಿಷ್ ಸರಳವಾಗಿದೆ, ವಾಕ್ಯಗಳು ಚಿಕ್ಕವು. ಆದರೆ ಬಹುಭಾಗ ಕೈಬರಹದ ದೊಡ್ಡಕ್ಷರಗಳಲ್ಲಿ, ಚಿತ್ರಗಳ ಸುತ್ತ ಸುತ್ತಿಕೊಂಡು ಬರುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನೊಬ್ಬನಿಗೆ ಮೊದಲ ಕೆಲವು ಪುಟಗಳು ಕಣ್ಣಿಗೆ ಹೊರೆಯಾದವು. ಅವನು ಅಕ್ಷರ ಬಿಟ್ಟು ಚಿತ್ರಗಳನ್ನೇ ಅನುಸರಿಸಿದ, ಮತ್ತು ಸಾಕಷ್ಟು ಸರಿಯಾಗಿಯೇ ಅನುಸರಿಸಿದ.

ಪುಸ್ತಕದೊಂದಿಗೆ ದುಬಾರಿ ಸಾಮಾನು ಬೇಕೆಂದು ತಿಳಿಯಬೇಡಿ. ಹಾಳೆಗಳು ಸರಿಯದಂತೆ ಹಿಡಿದಿಡಲು ಸ್ಟುಡಿಯೋಗಳಲ್ಲಿ ಬಳಸುವ ಮೂರು ಗೂಟದ ಪಟ್ಟಿಯ ಬದಲು, ಕಚೇರಿಯ ಸಾಮಾನ್ಯ ಎರಡು ರಂಧ್ರದ ಪಂಚಿಂಗ್ ಯಂತ್ರ ಮತ್ತು ಅದಕ್ಕೆ ಸರಿಹೊಂದುವಂತೆ 80 ಮಿಲಿಮೀಟರ್ ಅಂತರದಲ್ಲಿ ಎರಡು ಗೂಟ ಕೂರಿಸಿದ ಮರದ ಪಟ್ಟಿ ಸಾಕು. ನಮ್ಮ ಓಣಿಯ ಬಡಗಿ ಅದನ್ನು ಚಹಾ ಕುಡಿಯುವಷ್ಟರಲ್ಲಿ ಮಾಡಿಕೊಟ್ಟರು. ಗಾಜಿನ ಕೆಳಗೆ ಎಲ್ಇಡಿ ಬಲ್ಬು ಇಟ್ಟರೆ ಎರಡು-ಮೂರು ಹಾಳೆ ಆರಪಾರ ಕಾಣುತ್ತವೆ. ಹಾಳೆ ಮಾತ್ರ 70 ಜಿಎಸ್‌ಎಂಗಿಂತ ದಪ್ಪವಾಗಿರಬಾರದು. ಬರೆದ ಚಿತ್ರಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ಸೆರೆಹಿಡಿದು ಓಡಿಸಿ ನೋಡಲು ಉಚಿತ ಆ್ಯಪ್‌ಗಳು ಬೇಕಾದಷ್ಟಿವೆ. ಆದರೂ ಎಡಗೈ ಬೆರಳುಗಳ ನಡುವೆ ಹಾಳೆಗಳನ್ನು ಸಿಕ್ಕಿಸಿಕೊಂಡು ಮಗುಚುತ್ತ, ಬರೆಯುತ್ತ ಹೋಗುವ ಹಳೆಯ ಪದ್ಧತಿಯನ್ನು ಕಲಿಯಬೇಕೆಂದೇ ನನ್ನ ಸಲಹೆ. ತಪ್ಪು ಎಲ್ಲಿದೆಯೆಂದು ಮೊಬೈಲಿಗಿಂತ ಮೊದಲು ಅದು ತಿಳಿಸುತ್ತದೆ.

ಕೊಳ್ಳುವವರು 2009ರ ವಿಸ್ತೃತ ಆವೃತ್ತಿಯನ್ನೇ ಕೇಳಿ ಪಡೆಯಬೇಕು. ಪ್ರಾಣಿಗಳ ಚಲನೆಯ ಕುರಿತು ಸೇರಿಸಿದ ಪುಟಗಳು ಅದರಲ್ಲಿವೆ. ವಿಲಿಯಮ್ಸ್ ಅವರ ಪಾಠಗಳ 16 ಡಿವಿಡಿಗಳ ಕಟ್ಟೂ ಪ್ರತ್ಯೇಕವಾಗಿದೆ, ಆದರೆ ಅದರ ಬೆಲೆ ಸಂಸ್ಥೆಗಳಿಗೆ ಹೊಂದುವಂಥದ್ದು. ಪುಸ್ತಕದ ಬೆಲೆಯೂ ಕಡಿಮೆಯಲ್ಲ. ಏಳೆಂಟು ಕನ್ನಡ ಕಾದಂಬರಿಗಳು ಆ ಹಣಕ್ಕೆ ಬರುತ್ತವೆ. ಹಾಗೆಂದು ಅಗ್ಗದ ಪ್ರತಿಗೆ ಮರುಳಾಗಬಾರದು. ಪರಿಚಯದ ವಿದ್ಯಾರ್ಥಿಯೊಬ್ಬಳು ಅರ್ಧ ಬೆಲೆಗೆ ತರಿಸಿದ ಪ್ರತಿ ನಕಲಿ ಮುದ್ರಣವಾಗಿತ್ತು: ತೆಳು ಗೆರೆಗಳು ಅಳಿಸಿಹೋಗಿದ್ದವು, ಕರಿ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ನಡುವಿನ ಚಿತ್ರಗಳನ್ನು ಬೂದು ಬಣ್ಣದಲ್ಲಿ ಬೇರ್ಪಡಿಸಿ ತೋರಿಸಿದ ಕಡೆ ಎಲ್ಲವೂ ಒಂದೇ ಕಪ್ಪಾಗಿ ಯಾವುದು ಮೊದಲಿನದು, ಯಾವುದು ನಡುವಿನದು ಎಂದು ತಿಳಿಯುತ್ತಿರಲಿಲ್ಲ. ಪಾರ್ಸೆಲ್ ಬಂದ ದಿನವೇ ನಡಿಗೆಯ ಅಧ್ಯಾಯದ ಯಾವುದಾದರೊಂದು ಪುಟ ತೆರೆದು, ಚಾರ್ಟಿನ ಅತಿ ಸಣ್ಣ ಅಂಕಿಗಳನ್ನು ಕಿಟಕಿಯ ಬೆಳಕಿನಲ್ಲಿ ಓದಿ ನೋಡಿ; ಅವು ಓದಲು ಬಾರದಿದ್ದರೆ ವಾಪಸು ಮಾಡುವ ಅವಧಿ ಮುಗಿಯುವುದರೊಳಗೆ ಕಳಿಸಿಬಿಡಿ.